ಇವತ್ತಿನ ಹಣ್ಣು

ಹತ್ತು ತೊಳೆ, ಹದಿನೇಳು ಬೀಜ.
ಸಿಪ್ಪೆ ಸಡಿಲ, ಒಂದೇ ಎಳೆಯಾಗಿ ಬಂತು.
ಇಷ್ಟು ಬರೆದು, ಚಿತ್ರ ಅಂಟಿಸಿ,
ಫೋನನ್ನು ಅಕ್ಕಿ ಡಬ್ಬದ ಮೇಲೆ ಕವುಚಿಟ್ಟೆ.
ಒಲೆಯ ಮೇಲೆ ಕಡಂಬುಟ್ಟು ಬೇಯುತ್ತಿತ್ತು.
ಕೈಗೆಲ್ಲ ಕಿತ್ತಳೆಯ ಎಣ್ಣೆ.

ಗೋಣಿಕೊಪ್ಪದ ಆಸ್ಪತ್ರೆಯಲ್ಲಿ
ಹಗಲೆಲ್ಲ ನನ್ನದು ಎಣಿಕೆಯ ಕೆಲಸ.
ಗಾಜಿನ ಮೇಲೆ ಒಂದು ತೊಟ್ಟು ರಕ್ತ,
ಕಣ್ಣು ಕೊಳವೆಗೆ, ಬೆರಳು ಗುಂಡಿಗೆ,
ಬಿಳಿಕಣ ಇಷ್ಟು, ಅದರಲ್ಲಿ ಇಂಥದ್ದು ಇಷ್ಟು.
ಯಾರದೆಂದು ಚೀಟಿಯಲ್ಲಿರುತ್ತದೆ, ನಾನು ಓದುವುದಿಲ್ಲ;
ಓದಿದರೆ ಲೆಕ್ಕ ತಪ್ಪುತ್ತದೆ.
ಮನೆಗೆ ಬಂದವಳು ಹಣ್ಣು ಸುಲಿದು ಮತ್ತೆ ಎಣಿಸುತ್ತೇನೆ.
ಇದರಿಂದ ಯಾರ ಕಾಯಿಲೆಯೂ ಪತ್ತೆಯಾಗುವುದಿಲ್ಲ,
ಅದೇ ಇದರ ಸುಖ.

ಮೊದಲು ಮಾತಾಡಿದವನು ಸಿಂಧನೂರಿನವನು,
‘ಒಂಟಿ ಚಪ್ಪಲಿ’ ಎಂದು ತನಗೆ ತಾನೇ ಹೆಸರಿಟ್ಟುಕೊಂಡವನು.
ರಸ್ತೆಯಲ್ಲಿ ಬಿದ್ದ ಒಂದೊಂದೇ ಚಪ್ಪಲಿಯ ಚಿತ್ರ ತೆಗೆಯುತ್ತಾನಂತೆ,
ಆರು ವರ್ಷದಲ್ಲಿ ಇನ್ನೂರ ಹನ್ನೆರಡು,
ಜೋಡಿ ಸಿಕ್ಕಿದ್ದು ಎರಡೇ ಸಲ.
‘ಗಾಡಿಯವನ ಹತ್ರ ತಂದೆ ಅಕ್ಕ, ಎಂಟೇ ತೊಳೆ.
ನಾವು ಬಡವರು.’
ಆಮೇಲೆ ಭಟ್ಕಳದ ಒಬ್ಬಳು.
ತಿಂದ ಬೀಜವನ್ನೆಲ್ಲ ಮೊಸರಿನ ಲೋಟಗಳಲ್ಲಿ ಊರಿ
ಕಿಟಕಿಗೆ ಸಾಲಾಗಿ ನಿಲ್ಲಿಸಿದವಳು,
ಮೊಳೆತದ್ದಕ್ಕೆಲ್ಲ ತನ್ನ ಹಳೆಯ ಟೀಚರುಗಳ ಹೆಸರು.
‘ಗಣಿತದ ಮೇಡಮ್ ಇವತ್ತು ಎರಡನೇ ಎಲೆ ಬಿಟ್ಟರು.’
ಆಮೇಲೆ, ಊರು ಹೇಳದ ಯಾರೋ, ಒಂದೇ ಪ್ರಶ್ನೆ:
‘ಪ್ರತಿ ಹಣ್ಣಿನಲ್ಲೂ ಒಂದು ಮರಿ ತೊಳೆ ಇರುತ್ತದಲ್ಲ,
ಅದನ್ನು ನಿಮ್ಮನೆಯಲ್ಲಿ ಯಾರು ತಿನ್ನುತ್ತಾರೆ?’

ನಲವತ್ತೊಂದು ವರ್ಷ ಕಿತ್ತಳೆ ತಿಂದವಳು,
ನಾನದನ್ನು ಕಂಡೇ ಇರಲಿಲ್ಲ.
ದೊಡ್ಡದರ ಬೆನ್ನಿಗಂಟಿಕೊಂಡು
ಹಾಗೇ ಬಾಯಿಗೆ ಹೋಗಿಬಿಡುತ್ತಿತ್ತು.

ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು
ಟಿಕೆಟ್ ಹರಿಯುವ ಮೊದಲೇ ಕೇಳುತ್ತಾರೆ, ಯಾವ ಒಕ್ಕ?
ಹೇಳಿದೆನೋ, ತಿತಿಮತಿ ಬರುವಷ್ಟರಲ್ಲಿ
ಅವರ ಅತ್ತಿಗೆಯ ತವರು
ನಮ್ಮಜ್ಜನ ಸೋದರಮಾವನ ಅಂಗಳಕ್ಕೆ ಬಂದು ಸೇರಿರುತ್ತದೆ.
ಬೇರು ಸಿಕ್ಕ ಮೇಲೆ ಹಾಯಾಗಿ ನಿದ್ದೆ ಹೋಗುತ್ತಾರೆ.
ಮತ್ತೇನೂ ಕೇಳುವುದಿಲ್ಲ.

‘ಅವರೆಲ್ಲ ನಿನಗೆ ಏನಾಗಬೇಕು?’
ಬೆಳ್ಯಪ್ಪ ಕೇಳಿದ, ಮೆಣಸು ಕೊಯ್ಯುವ ಏಣಿಗೆ ಹಗ್ಗ ಬಿಗಿಯುತ್ತ.
ಏನಾಗಬೇಕು? ಭಾವನಲ್ಲ, ಬೀಗರಲ್ಲ,
ಮದುವೆ ಕಾಗದ ಹಾಕಲು ವಿಳಾಸವಿಲ್ಲ.
ಚಪ್ಪಲಿಯವನ ಮುಖ ನೋಡಿಲ್ಲ.
ಒಮ್ಮೆ ಚಿತ್ರದ ಅಂಚಿನಲ್ಲಿ ಅವನ ಹೆಬ್ಬೆರಳು ಬಂದಿತ್ತು,
ಉಗುರಿನ ಸಂದಿಯಲ್ಲಿ ಗ್ರೀಸು.
ಅಷ್ಟರಿಂದಲೇ ಅವನಿಗೊಂದು ಗ್ಯಾರೇಜು,
ಒಂದು ಮುರುಕು ಸ್ಟೂಲು, ಮಧ್ಯಾಹ್ನದ ಬಿಸಿಲು ಕೊಟ್ಟೆ.
ತಪ್ಪಿರಬಹುದು.

ಅತ್ತೆ ಮಾಚವ್ವ ನಕ್ಕರು:
‘ಬೀಜ ಎಣಿಸಿ ಊರಿಗೆಲ್ಲ ಹೇಳುವುದೇ!
ನಾಳೆ ಅನ್ನದ ಅಗುಳೂ ಎಣಿಸು.’
ಎಣಿಸಿದೆ, ಒಂದು ಸೌಟು.
ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಒಂದು ವಾರ ಬರೆಯಲಿಲ್ಲ.
ಗಾಜಿನ ಮೇಲಿನ ಒಂದು ತೊಟ್ಟಿನಲ್ಲಿ
ಬಿಳಿಕಣ ಇರಬಾರದಷ್ಟು ಇತ್ತು.
ಮೂರು ಸಲ ಎಣಿಸಿದೆ.
ಚೀಟಿ ಓದಿಬಿಟ್ಟೆ. ವಯಸ್ಸು ಒಂಬತ್ತು.
ಮನೆಗೆ ಬಂದು ಹಣ್ಣು ಮುಟ್ಟಲಿಲ್ಲ.

ಎಂಟನೆಯ ದಿನ ಭಟ್ಕಳದವಳು,
‘ಮೇಡಮ್‌ಗಳೆಲ್ಲ ನಿಮ್ಮನ್ನು ಕೇಳುತ್ತಿದ್ದಾರೆ.’
ಅದರ ಕೆಳಗೆ ಅವನು,
‘ಇನ್ನೂರ ಹದಿನೈದು. ಹಸಿರು. ಎಡಗಾಲು.’
ಬೇರೆ ಒಂದಕ್ಷರವಿಲ್ಲ.
ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ,

ಮಾಚವ್ವ ಹಿತ್ತಲಿನಿಂದ ಬಂದರು,
ಕೈಯಲ್ಲಿ ಕೊನೆಯ ಕೊಯ್ಲಿನ ಹಣ್ಣು,
ಒಂದು ಬದಿ ಹಕ್ಕಿ ಕುಕ್ಕಿದ್ದು.
‘ತಗೋ, ಎಣಿಸು.
ಕುಕ್ಕಿದ್ದನ್ನೂ ಹೇಳು, ಮುಚ್ಚಿಡಬೇಡ.
ಮತ್ತೆ ಆ ಮರಿ ತೊಳೆ
ನಮ್ಮನೆಯಲ್ಲಿ ಮುದುಕಿಗೆ ಅಂತ
ಕೇಳಿದವರಿಗೆ ತಿಳಿಸು.’